ಮಗನ ಫೈನಾನ್ಷಿಯಲ್ ಏಡ್ ನಿಲ್ಲಿಸಿದ್ದಾರೆ. ಜಿಪಿಎ (ಗ್ರೇಡುಗಳ ಸರಾಸರಿ) 2.1 ಇದೆ, ಆದರೂ ಯಾಕೆ?

ಕುಕ್ಕರಹಳ್ಳಿ · ಜೂನ್ 2

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಟ್ಲಾಂಟದ ಹೊರಗೆ, ಮೂಲ ಮೈಸೂರು. ಎಲ್ಲರಿಗೂ ಗ್ರೀನ್ ಕಾರ್ಡ್ ಇದೆ. ಮಗ ಜಾರ್ಜಿಯಾದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಮುಗಿಸಿದ್ದಾನೆ. ನಿನ್ನೆ ಪ್ರಿಂಟರ್‌ಗೆ ಕಾಗದ ತುಂಬಲು ಅವನ ರೂಮಿಗೆ ಹೋದೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಓದಬಾರದಿತ್ತು, ಓದಿಬಿಟ್ಟೆ. ಕಾಲೇಜಿನ ಏಡ್ ಆಫೀಸಿನಿಂದ ಮೇಲ್: ನೀನು "ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್" ಕಾಯ್ದುಕೊಂಡಿಲ್ಲ, ಫಾಲ್ (ಆಗಸ್ಟ್‌ನಿಂದ ಡಿಸೆಂಬರ್) ಸೆಮಿಸ್ಟರ್‌ನಿಂದ ಏಡ್ ಸಸ್ಪೆಂಡ್ ಆಗಿದೆ ಅಂತ. ಮೇಲ್ ಬಂದದ್ದು ಮೇ ತಿಂಗಳಲ್ಲಿ. ಎರಡು ವಾರ ಬಾಯಿ ಬಿಟ್ಟಿಲ್ಲ.

ಕಳೆದ ಬೇಸಿಗೆಯಲ್ಲೇ ಅವನಿಗೆ ಜಾರ್ಜಿಯಾ ರಾಜ್ಯ ಕೊಡುತ್ತಿದ್ದ ಹೋಪ್ ಸ್ಕಾಲರ್‌ಶಿಪ್ ಹೋಗಿತ್ತು, ಜಿಪಿಎ 3.0ಕ್ಕಿಂತ ಕೆಳಗೆ ಬಂತು ಅಂತ. ಅಲ್ಲಿಗೆ ಶಿಕ್ಷೆ ಮುಗಿಯಿತು ಅಂದುಕೊಂಡಿದ್ದೆವು. ಈಗ ಕೇಂದ್ರ ಸರ್ಕಾರ ಕೊಡುವ, ತೀರಿಸಬೇಕಿಲ್ಲದ ಪೆಲ್ ಗ್ರಾಂಟೂ ಇಲ್ಲ, ಫೆಡರಲ್ ಸಾಲವೂ ಇಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ 2.0 ಇದ್ದರೆ ಸಾಕು ಅಂತ ಸ್ಪಷ್ಟವಾಗಿ ಬರೆದಿದೆ. ಇವನದು 2.1. ಕಂಪ್ಯೂಟರ್ ತಪ್ಪೇ? ನನ್ನ ಕೆಲಸ ಹೋದ ಮೇಲೆ ಈ ದುಡ್ಡಿನ ಮೇಲೇ ಅವನ ಓದು ನಿಂತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗಿರ್ಮಿಟ್ · ಜೂನ್ 2

ಅಣ್ಣಾರ, ಕಂಪ್ಯೂಟರ್ ತಪ್ಪಲ್ಲ. ಜಿಪಿಎ ಬಾಜೂಕಿಡ್ರಿ. ಎರಡ ವರ್ಷದಾಗ ಎಷ್ಟು ಕ್ರೆಡಿಟ್ ತಗೊಂಡಾನ, ಅದರಾಗ ಎಷ್ಟು ಪಾಸ್ ಮಾಡ್ಯಾನ, ಅದನ್ನ ಹೇಳ್ರಿ. ನಡುವ ಬಿಟ್ಟಿದ್ದ ಕ್ಲಾಸೂ ಎಣಸ್ರಿ. ಟ್ರಾನ್ಸ್‌ಕ್ರಿಪ್ಟ್‌ನಾಗ ಡಬ್ಲ್ಯೂ ಅಂತ ಇರ್ತಾವಲ್ಲ, ಅವು.

ಕುಕ್ಕರಹಳ್ಳಿ · ಜೂನ್ 3

ಮಗನನ್ನೇ ಕೂರಿಸಿಕೊಂಡು ಎಣಿಸಿದೆ. ಮೊದಲ ವರ್ಷ ಫಾಲ್‌ನಲ್ಲಿ 15 ತಗೊಂಡು 15 ಪಾಸ್. ಸ್ಪ್ರಿಂಗ್‌ನಲ್ಲಿ 16, ಕೆಮಿಸ್ಟ್ರಿ 4 ಕ್ರೆಡಿಟ್ ಬಿಟ್ಟ, 12 ಪಾಸ್. ಎರಡನೇ ವರ್ಷ ಫಾಲ್‌ನಲ್ಲಿ 15, ಎರಡು ಡಬ್ಲ್ಯೂ, ಒಂದು ಎಫ್, ಪಾಸಾದದ್ದು ಬರೀ 4. ಸ್ಪ್ರಿಂಗ್‌ನಲ್ಲಿ 14, ಒಂದು ಡಬ್ಲ್ಯೂ, ಒಂದು ಎಫ್, ಪಾಸಾದದ್ದು 7.

ಫಾಲ್‌ಗೆ ಕಾರಣ ಇದೆ. ಸೆಪ್ಟೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ನಮ್ಮಮ್ಮ ತೀರಿಕೊಂಡರು. ಮೊಮ್ಮಗ ಬರಲೇಬೇಕು ಅಂತ ನಾನೇ ಕರೆದುಕೊಂಡು ಹೋದೆ. ಹದಿಮೂರನೇ ದಿನದ ಕಾರ್ಯ ಮುಗಿಸಿ ಬರುವಷ್ಟರಲ್ಲಿ ಮೂರು ವಾರ ಆಗಿತ್ತು. "ಡಬ್ಲ್ಯೂ ತಗೋ, ಜಿಪಿಎಗೆ ಏನೂ ಆಗಲ್ಲ" ಅಂತ ಅವನ ಸ್ನೇಹಿತರು ಹೇಳಿದ್ದರಂತೆ.

ಸಂಪಿಗೆಮರ · ಜೂನ್ 3

ಸ್ನೇಹಿತರು ಹೇಳಿದ್ದು ಅರ್ಧ ನಿಜ. ನಾನು ಬೇರೆ ರಾಜ್ಯದ ಒಂದು ಕಾಲೇಜಿನ ಏಡ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಜಿಪಿಎ ಕಾಪಾಡಿಕೊಳ್ಳಲು ಹೋಗಿ ಡಬ್ಲ್ಯೂ ಬಲೆಗೆ ಬಿದ್ದ ಮಕ್ಕಳನ್ನು ವರ್ಷಕ್ಕೆಷ್ಟೋ ನೋಡುತ್ತೇನೆ, ಬಹುಪಾಲು ಬುದ್ಧಿವಂತ ಮಕ್ಕಳೇ.

ಆ ಮೇಲ್‌ನಲ್ಲಿದ್ದ ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್‌ಗೆ ಚಿಕ್ಕದಾಗಿ ಸ್ಯಾಪ್ ಅನ್ನುತ್ತೇವೆ. ಅದರಲ್ಲಿ ಜಿಪಿಎ ಒಂದನ್ನೇ ನೋಡುವುದಿಲ್ಲ. ಕೈ ಹಾಕಿದ ಕ್ರೆಡಿಟ್‌ಗಳಲ್ಲಿ ಎಷ್ಟು ಪಾಲು ಮುಗಿಸಿದ್ದೀರಿ ಅನ್ನುವುದಕ್ಕೆ "ಪೇಸ್" ಅನ್ನುತ್ತಾರೆ. ನಿಮ್ಮ ಹುಡುಗ ಕೈ ಹಾಕಿದ್ದು 15, 16, 15, 14, ಒಟ್ಟು 60. ಮುಗಿಸಿದ್ದು 15, 12, 4, 7, ಒಟ್ಟು 38. ಅಂದರೆ 63.3 ಶೇಕಡಾ. ಬಹುತೇಕ ಕಾಲೇಜುಗಳು ಕೇಳುವುದು 67. ಎಫ್ ಆಗಲಿ ಡಬ್ಲ್ಯೂ ಆಗಲಿ ಇನ್‌ಕಂಪ್ಲೀಟ್ (ಗ್ರೇಡ್ ಬಾಕಿ ಇಟ್ಟದ್ದು) ಆಗಲಿ, ಪೇಸ್ ಲೆಕ್ಕದಲ್ಲಿ ಮೂರೂ ಒಂದೇ: ಕೈ ಹಾಕಿದ್ದು ಹೌದು, ಮುಗಿಸಿದ್ದು ಇಲ್ಲ. ಇನ್‌ಕಂಪ್ಲೀಟ್‌ಗೆ ಮುಂದೆ ಗ್ರೇಡ್ ಬಂದರೆ ಮುಗಿಸಿದ್ದಕ್ಕೆ ಸೇರುತ್ತದೆ, ಅಷ್ಟೇ ವ್ಯತ್ಯಾಸ. ಅಕ್ಟೋಬರ್‌ನಲ್ಲಿ ಅವನು ಪ್ರೊಫೆಸರ್‌ಗಳ ಹತ್ತಿರ ಅದನ್ನೇ ಕೇಳಬಹುದಿತ್ತು. ಹೋಗಲಿ, ಆದದ್ದಾಯಿತು.

67 ಎಲ್ಲಿಂದ ಬಂತು ಅಂದರೆ, ಫೆಡರಲ್ ನಿಯಮದ ಪ್ರಕಾರ ಡಿಗ್ರಿಗೆ ಬೇಕಾದ ಕ್ರೆಡಿಟ್‌ನ ಒಂದೂವರೆ ಪಟ್ಟಿನೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್ ಡಿಗ್ರಿಗೆ ಮಿತಿ 180. ಮೂರು ಹೆಜ್ಜೆಯಲ್ಲಿ ಎರಡಾದರೂ ಮುಂದೆ ಹೋಗದಿದ್ದರೆ ಆ ಮಿತಿಯೊಳಗೆ ಮುಗಿಯುವುದಿಲ್ಲ. ಹೊಸದಾಗಿ ಬಂದದ್ದೂ ಅಲ್ಲ, ಈಗಿನ ರೂಪದ ನಿಯಮ 2011ರ ಜುಲೈನಿಂದ ಇದೆ. ಕೋವಿಡ್ ಕಾಲದಲ್ಲಿ ಮಾತ್ರ, ಸೋಂಕಿನ ಕಾರಣಕ್ಕೆ ಬಿಟ್ಟ ಕ್ಲಾಸುಗಳನ್ನು ಪೇಸ್ ಲೆಕ್ಕದಿಂದ ತೆಗೆಯಲು ಅವಕಾಶ ಕೊಟ್ಟಿದ್ದರು.

ಕುಕ್ಕರಹಳ್ಳಿ · ಜೂನ್ 3

ಮೇಡಂ, ತುಂಬಾ ಉಪಕಾರ. ಆದರೆ ಫಾಲ್‌ನಲ್ಲಿ 4 ಕ್ರೆಡಿಟ್ ಬಂದಾಗಲೇ ಒಂದು ಎಚ್ಚರಿಕೆ ಕೊಡಬಾರದಿತ್ತೇ? ನನ್ನ ಹಳೆಯ ಸಹೋದ್ಯೋಗಿಯ ಮಗಳಿಗೆ ಮೊದಲು "ವಾರ್ನಿಂಗ್" ಬಂದು, ಒಂದು ಸೆಮಿಸ್ಟರ್ ದುಡ್ಡೂ ಬಂತಂತೆ.

ಸಂಪಿಗೆಮರ · ಜೂನ್ 3

ಅವಳ ಕಾಲೇಜು ಪ್ರತಿ ಸೆಮಿಸ್ಟರ್ ಕೊನೆಗೂ ನೋಡುತ್ತದೆ. ಹಾಗೆ ನೋಡುವ ಕಾಲೇಜುಗಳು ಮಾತ್ರ ವಾರ್ನಿಂಗ್ ಕೊಡಬಹುದು. ವರ್ಷಕ್ಕೊಮ್ಮೆ ನೋಡುವ ಕಡೆ ವಾರ್ನಿಂಗ್ ಅನ್ನುವ ಮೆಟ್ಟಿಲೇ ಇಲ್ಲ, ನೇರ ಸಸ್ಪೆನ್ಷನ್. ನಿಮ್ಮದು ಎರಡನೆಯ ಬಗೆ ಅನ್ನಿಸುತ್ತದೆ. ಮೊದಲ ವರ್ಷದ ಕೊನೆಗೆ ಅವನ ಪೇಸ್ 31ಕ್ಕೆ 27, ಅಂದರೆ 87 ಶೇಕಡಾ. ಆಗ ಯಾರ ಕಣ್ಣಿಗೂ ಬೀಳಲಿಲ್ಲ.

ಹಳೇಪೇಟೆ · ಜೂನ್ 4

ಕಹಿ ಅನ್ನಿಸಿದರೆ ಕ್ಷಮಿಸಿ. ಸರ್ಕಾರ ದುಡ್ಡು ಕೊಡುವುದು ಓದಲಿ ಅಂತ. ಓದದಿದ್ದರೆ ನಿಲ್ಲಿಸುತ್ತಾರೆ. ನಾವೆಲ್ಲ ಸೀಮೆಎಣ್ಣೆ ದೀಪದಲ್ಲಿ ಓದಿದವರು.

ಗಿರ್ಮಿಟ್ · ಜೂನ್ 4

ಬಂತ್ ನೋಡ್ರಿ ಸೀಮಿ ಎಣ್ಣಿ.

ನೀರ್ದೋಸೆ · ಜೂನ್ 4

ಹಳೇಪೇಟೆಯವರೇ, ನಿಲ್ಲಿಸುವುದು ಸರಿಯೇ ತಪ್ಪೇ ಎಂಬುದು ಇಲ್ಲಿ ಯಾರೂ ಕೇಳಿದ ಪ್ರಶ್ನೆ ಅಲ್ಲ ಮಾರಾಯ್ರೆ. ಅಜ್ಜಿ ಸತ್ತದ್ದಕ್ಕೆ ಹೋದ ಹುಡುಗ ಅವನು.

ಕುಕ್ಕರಹಳ್ಳಿಯವರೇ, ನಿಮ್ಮ ಮಗ ಅಷ್ಟೂ ಕ್ಲಾಸು ಬಿಡಲಿಲ್ಲವಲ್ಲ, ಅದೊಂದು ಪುಣ್ಯ. ನನ್ನ ತಂಗಿಯ ಮಗಳು ಎರಡು ವರ್ಷದ ಹಿಂದೆ ಏಳನೇ ವಾರದಲ್ಲಿ ಎಲ್ಲಾ ಕ್ಲಾಸು ಬಿಟ್ಟು ಮನೆಗೆ ಬಂದಳು. ಸೆಮಿಸ್ಟರ್‌ನ 60 ಶೇಕಡಾ ದಾಟುವ ಮೊದಲೇ ಪೂರ್ತಿ ಬಿಟ್ಟರೆ, ಇದ್ದ ದಿನಕ್ಕೆ ತಕ್ಕಷ್ಟು ಏಡ್ ಮಾತ್ರ ನಿಮ್ಮದು, ಉಳಿದದ್ದು ವಾಪಸ್. ಕಾಲೇಜು ತನ್ನ ಪಾಲು ಸರ್ಕಾರಕ್ಕೆ ಹಿಂದಿರುಗಿಸಿ ನಮಗೆ ಬಿಲ್ಲು ಕಳಿಸಿತು. ಆ ಬಿಲ್ಲು ಕಟ್ಟುವವರೆಗೆ ಮುಂದಿನ ಸೆಮಿಸ್ಟರ್‌ಗೆ ರಿಜಿಸ್ಟರ್ ಮಾಡಲು ಬಿಡಲಿಲ್ಲ. ಇನ್ನು ಎರಡು ವಾರ ತಡೆದುಕೊಂಡಿದ್ದರೆ ಆಗುತ್ತಿತ್ತು. ಹೇಳುವವರೇ ಇರಲಿಲ್ಲ.

ಕುಕ್ಕರಹಳ್ಳಿ · ಜೂನ್ 5

ಇವತ್ತು ಏಡ್ ಆಫೀಸಿಗೆ ಫೋನ್ ಮಾಡಿದೆ. 40 ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಹಳ ವಿನಯವಾಗಿ, ವಿದ್ಯಾರ್ಥಿಯ ಒಪ್ಪಿಗೆ ಪತ್ರ ಇಲ್ಲದೆ ನಿಮ್ಮ ಜೊತೆ ಮಾತಾಡುವ ಹಾಗಿಲ್ಲ ಅಂದಳು. ಫೀಸು ಕಟ್ಟುವವನು ನಾನು ಅಂದೆ. ಗೊತ್ತು ಸರ್ ಅಂದಳು.

ಇನ್ನೊಂದು. ಪೇರೆಂಟ್ ಪ್ಲಸ್ ಸಾಲ ಅಂತ ಇದೆಯಲ್ಲ, ತಂದೆ ತಾಯಿ ಹೆಸರಿನಲ್ಲಿ. ಅದನ್ನು ತೆಗೆದು ಈ ವರ್ಷ ತುಂಬಿಬಿಡೋಣವೇ? ಸಾಲ ನನ್ನದು, ಅವನ ಗ್ರೇಡಿಗೂ ಅದಕ್ಕೂ ಏನು ಸಂಬಂಧ?

ಸಂಪಿಗೆಮರ · ಜೂನ್ 5

ಸಂಬಂಧ ಇದೆ. ಪೆಲ್, ವಿದ್ಯಾರ್ಥಿ ಸಾಲ, ವರ್ಕ್ ಸ್ಟಡಿ (ಏಡ್ ಭಾಗವಾಗಿ ಕೊಡುವ ಅರೆಕಾಲಿಕ ಕೆಲಸ), ಪೇರೆಂಟ್ ಪ್ಲಸ್, ಎಲ್ಲವೂ ಒಂದೇ ಬಾಗಿಲಿನಿಂದ ಬರುವವು. ಸ್ಯಾಪ್ ಮುಚ್ಚಿದರೆ ಎಲ್ಲಕ್ಕೂ ಮುಚ್ಚಿದ ಹಾಗೆ. ಹೊರಗೆ ಉಳಿಯುವುದು ಬ್ಯಾಂಕಿನ ಖಾಸಗಿ ಸಾಲ. ಕೆಲವು ಬ್ಯಾಂಕು ಅದಕ್ಕೂ ಸ್ಯಾಪ್ ಕೇಳುತ್ತವೆ, ಬಡ್ಡಿಯ ವಿಚಾರ ನಾನು ಹೇಳಬೇಕಾಗಿಲ್ಲ.

ಒಪ್ಪಿಗೆ ಪತ್ರದ್ದು 1974ರ ಕಾನೂನು, ಫರ್ಪಾ. ಹುಡುಗ ಕಾಲೇಜಿಗೆ ಕಾಲಿಟ್ಟ ದಿನದಿಂದ ದಾಖಲೆ ಅವನದು. ತೆರಿಗೆಯಲ್ಲಿ ಅವನನ್ನು ಅವಲಂಬಿತ ಅಂತ ತೋರಿಸಿದ್ದರೆ ಕಾಲೇಜು ತಂದೆ ತಾಯಿಗೆ ಹೇಳಬಹುದು, ಹೇಳಲೇಬೇಕು ಅಂತಿಲ್ಲ. ಬಹಳ ಕಡೆ ಹೇಳುವುದಿಲ್ಲ. ಪೋರ್ಟಲ್‌ನಲ್ಲಿ ಅವನೇ ಅನುಮತಿ ಕೊಟ್ಟರೆ ಐದು ನಿಮಿಷದ ಕೆಲಸ. ಆದರೂ ಏಡ್ ವಾಪಸ್ ಕೊಡಿ ಅಂತ ಕಾಲೇಜಿಗೆ ಹಾಕುವ ಅಪೀಲನ್ನು ಬರೆಯಬೇಕಾದವನು ಅವನು, ನೀವಲ್ಲ.

ಚಳಿಗಾಲ · ಜೂನ್ 5

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಎಚ್-1ಬಿ ಕೆಲಸದ ವೀಸಾ, ಮಗಳು ಅದರ ಕುಟುಂಬದವರ ವೀಸಾ ಎಚ್-4ನಲ್ಲಿದ್ದಾಳೆ, ಬರುವ ಆಗಸ್ಟ್‌ಗೆ ಕಾಲೇಜು. ಅವಳಿಗೂ ಈ ಸ್ಯಾಪ್ ಇದೆಯಾ?

ಸಂಪಿಗೆಮರ · ಜೂನ್ 5

ಎಚ್-4ಗೆ ಫೆಡರಲ್ ಏಡ್ ಇಲ್ಲವೇ ಇಲ್ಲ, ಆದ್ದರಿಂದ ಫೆಡರಲ್ ಸ್ಯಾಪ್ ಕೂಡ ಅವಳನ್ನು ಮುಟ್ಟುವುದಿಲ್ಲ. ಕಾಲೇಜು ತನ್ನ ಕೈಯಿಂದ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಇದ್ದರೆ ಅದರ ಷರತ್ತು ಬೇರೆ, ಸಾಮಾನ್ಯವಾಗಿ ಇದಕ್ಕಿಂತ ಬಿಗಿ. ಆಫರ್ ಪತ್ರದಲ್ಲಿ ರಿನ್ಯೂವಲ್ ಅಂತ ಒಂದು ಸಾಲು ಇರುತ್ತದೆ, ಈಗಲೇ ಓದಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಬಂದ ದಿನ ಫಾಫ್ಸಾ, ಅಂದರೆ ಫೆಡರಲ್ ಏಡ್ ಅರ್ಜಿ, ತುಂಬಬಹುದು. ಒಂದು ಎಚ್ಚರಿಕೆ: ಆಗ ಅದಕ್ಕೂ ಹಿಂದಿನ ಸೆಮಿಸ್ಟರ್‌ಗಳೆಲ್ಲ ಸ್ಯಾಪ್ ಲೆಕ್ಕಕ್ಕೆ ಬರುತ್ತವೆ, ಏಡ್ ತಗೊಂಡಿರದಿದ್ದರೂ.

ಕುಕ್ಕರಹಳ್ಳಿ · ಜೂನ್ 6

ಅಪೀಲಿಗೆ ಒಂದು ಕರಡು ಬರೆದಿದ್ದೇವೆ. ಇಂಗ್ಲಿಷಿನಲ್ಲಿದೆ, ಸಾರಾಂಶ ಇಷ್ಟು: "ನಾನು ಚಿಕ್ಕಂದಿನಿಂದ ಓದಿನಲ್ಲಿ ಮುಂದು. ಹೈಸ್ಕೂಲಿನಲ್ಲಿ ರೋಬೋಟಿಕ್ಸ್ ತಂಡದ ನಾಯಕನಾಗಿದ್ದೆ. ನನ್ನ ಕುಟುಂಬದಲ್ಲಿ ವಿದ್ಯೆಗೆ ಬಹಳ ಗೌರವ. ನನ್ನ ಅಜ್ಜಿ ನಿವೃತ್ತ ಶಿಕ್ಷಕಿ. ಅವರ ನಿಧನದಿಂದ ನಾನು ಮೂರು ವಾರ ಭಾರತಕ್ಕೆ ಹೋಗಬೇಕಾಯಿತು. ದಯವಿಟ್ಟು ಇನ್ನೊಂದು ಅವಕಾಶ ಕೊಡಿ, ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ." ಜೊತೆಗೆ ಮರಣ ಪತ್ರ, ವಿಮಾನದ ಟಿಕೆಟ್. ಹೇಗಿದೆ?

ಗಿರ್ಮಿಟ್ · ಜೂನ್ 6

ಅಣ್ಣಾರ, ಇದು ನೀವು ಬರದದ್ದು, ನಿಮ್ಮ ಮಗ ಬರದದ್ದಲ್ಲ. ಹತ್ತೊಂಬತ್ತು ವರ್ಷದ ಹುಡುಗ "ವಿದ್ಯೆಗೆ ಬಹಳ ಗೌರವ" ಅಂತ ಬರೀತಾನೇನ್ರಿ? ಕನ್ಯಾ ನೋಡಾಕ ಬಂದಾಂಗ ಐತಿ.

ಸಂಪಿಗೆಮರ · ಜೂನ್ 6

ಗಿರ್ಮಿಟ್ ಹೇಳಿದ್ದು ಸರಿ. ನಮ್ಮ ಕಮಿಟಿಯಲ್ಲಿ ಒಂದೇ ಮಧ್ಯಾಹ್ನ ಇಂಥವು ಮೂವತ್ತು ನಲವತ್ತು ಓದುತ್ತೇವೆ. ರೋಬೋಟಿಕ್ಸ್ ಕಡೆಗೆ ಯಾರೂ ನೋಡುವುದಿಲ್ಲ. ನಿಯಮ ಕೇಳುವುದು ಎರಡೇ ಪ್ರಶ್ನೆ. ಯಾಕೆ ತಪ್ಪಿತು? ಮುಂದಿನ ಸಲ ಸ್ಯಾಪ್ ನೋಡುವ ಹೊತ್ತಿಗೆ ತಪ್ಪದ ಹಾಗೆ ಈಗ ಏನು ಬದಲಾಗಿದೆ? ಎರಡನೆಯದಕ್ಕೆ "ಕಷ್ಟಪಟ್ಟು ಓದುತ್ತೇನೆ" ಅನ್ನುವುದು ಉತ್ತರವೇ ಅಲ್ಲ.

ಹತ್ತಿರದವರ ಸಾವು ನಿಯಮದಲ್ಲೇ ಹೆಸರಿಸಿರುವ ಕಾರಣ. ವಿದ್ಯಾರ್ಥಿಯ ಕಾಯಿಲೆ, ಗಾಯವೂ ಹಾಗೆಯೇ. "ಇತರ ವಿಶೇಷ ಪರಿಸ್ಥಿತಿ" ಅಂತಲೂ ಇದೆ, ಅದು ಕಾಲೇಜಿನ ವಿವೇಚನೆಗೆ ಬಿಟ್ಟದ್ದು. ಫಾಲ್‌ಗೆ ನಿಮ್ಮ ಕಾರಣ ಗಟ್ಟಿ. ಆದರೆ ನಾನು ಆ ಮೇಜಿನ ಈಚೆ ಕೂತಿದ್ದರೆ ಕೇಳುವ ಮೊದಲ ಪ್ರಶ್ನೆ ಬೇರೆ. ಅಜ್ಜಿ ತೀರಿಕೊಂಡದ್ದು ಸೆಪ್ಟೆಂಬರ್‌ನಲ್ಲಿ. ಜನವರಿಯಿಂದ ಮೇವರೆಗೆ 14ರಲ್ಲಿ 7 ಮಾತ್ರ ಯಾಕೆ? ಸ್ಪ್ರಿಂಗ್ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ.

ಕುಕ್ಕರಹಳ್ಳಿ · ಜೂನ್ 6

ಅದನ್ನು ನಾನೂ ಕೇಳಲಿಲ್ಲ.

ಮಲ್ನಾಡ್_ಮೇಷ್ಟ್ರು · ಜೂನ್ 7

ಶಿವಮೊಗ್ಗದಲ್ಲಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅಣ್ಣನ ಮಗಳು ಓಹಾಯೋದಲ್ಲಿ ಓದುತ್ತಿರುವುದರಿಂದ ಇದನ್ನೆಲ್ಲ ಓದುತ್ತಿದ್ದೇನೆ. ನಮ್ಮಲ್ಲಿ ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನವೀಕರಣಕ್ಕೆ 50 ಶೇಕಡಾ ಅಂಕ, 75 ಶೇಕಡಾ ಹಾಜರಾತಿ ಕೇಳುತ್ತಾರೆ. ಹಾಜರಾತಿ ಇದ್ದುದರಿಂದ ಹುಡುಗರು ಕ್ಲಾಸಿಗಾದರೂ ಬರುತ್ತಾರೆ, ತಪ್ಪಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ನಿಮ್ಮಲ್ಲಿ ಕ್ಲಾಸು ಬಿಟ್ಟದ್ದು ವರ್ಷದ ಕೊನೆಗೆ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಯಾವುದು ವಾಸಿ ಅನ್ನುವುದಕ್ಕೆ ಅಲ್ಲ, ಹೋಲಿಸಿದೆ ಅಷ್ಟೆ.

ಕುಕ್ಕರಹಳ್ಳಿ · ಜೂನ್ 9

ಎರಡು ದಿನ ಬರಲಾಗಲಿಲ್ಲ. ಸ್ಪ್ರಿಂಗ್ ವಿಷಯ ಕೇಳಿದೆ. ಊಟಕ್ಕೆ ಕೂತಾಗ ಕೇಳಿದ್ದು, ಅವನು ಚಪಾತಿ ಚೂರು ಮಾಡುತ್ತಾ ಕೂತ, ತಿನ್ನಲಿಲ್ಲ. ಆಮೇಲೆ ಹೇಳಿದ. ಜನವರಿಯಿಂದ ಒಂದು ಪಿಜ್ಜಾ ಅಂಗಡಿಯಲ್ಲಿ ರಾತ್ರಿ ಪಾಳಿ, ವಾರಕ್ಕೆ 30 ಗಂಟೆ. ಬೆಳಗಿನ ಲ್ಯಾಬಿಗೆ ಏಳಲು ಆಗುತ್ತಿರಲಿಲ್ಲ. ಹೋಪ್ ಹೋದ ಮೇಲೆ ಬಿದ್ದ ಹಳ್ಳವನ್ನು ತಾನೇ ತುಂಬುತ್ತೇನೆ ಅಂತ. "ನಿಮ್ಮ ಹತ್ತಿರ ಕೇಳೋಕೆ ಆಗಲಿಲ್ಲ ಅಪ್ಪ, ಅಜ್ಜಿ ಕಾರ್ಯಕ್ಕೆ ಟಿಕೆಟ್‌ಗೇ ಕಾರ್ಡಲ್ಲಿ ಹಾಕಿದ್ರಲ್ಲ" ಅಂದ.

ಅವನ ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಾನು ಏನೂ ಹೇಳಲಿಲ್ಲ. ಈ ವಿಷಯ ಅಪೀಲಿನಲ್ಲಿ ಬರೆಯಬಹುದೇ? ದುಡಿಮೆಗೆ ಹೋಗಿ ಫೇಲಾದೆ ಅಂದರೆ ತಿರಸ್ಕರಿಸುತ್ತಾರೆಯೇ?

ಹಳೇಪೇಟೆ · ಜೂನ್ 9

ಮೊನ್ನೆ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ.

ಸಂಪಿಗೆಮರ · ಜೂನ್ 9

ಬರೆಯಬೇಕು. ಕೆಲಸದ ಹೊರೆಯನ್ನಷ್ಟೇ ಕಾರಣವಾಗಿ ಕೊಟ್ಟರೆ ಕೆಲವು ಕಾಲೇಜು ಒಪ್ಪುವುದಿಲ್ಲ, ನಿಜ. ಆದರೆ ತಂದೆಯ ಕೆಲಸ ಹೋದದ್ದು, ಸಾವು, ಸ್ಕಾಲರ್‌ಶಿಪ್ ನಿಂತದ್ದು ಒಂದರ ಹಿಂದೆ ಒಂದು ಬಂದವು. ಅದನ್ನು ದಿನಾಂಕದ ಸಮೇತ ಅವನ ಮಾತಿನಲ್ಲೇ ಹೇಳಲಿ. ನಿಮ್ಮ ಕೆಲಸ ಹೋದ ಪತ್ರ, ಅವನ ಸಂಬಳದ ಚೀಟಿ ಲಗತ್ತಿಸಿ. "ಏನು ಬದಲಾಗಿದೆ" ಅನ್ನುವುದಕ್ಕೆ ಆಗಿಹೋದ ಸಂಗತಿ ಬೇಕು, ಆಗಲಿರುವುದು ಬೇಡ. ಪಿಜ್ಜಾ ಕೆಲಸ ಬಿಟ್ಟಿದ್ದಾನೆಯೇ? ಬಿಟ್ಟ ತಾರೀಖು ಬರೆಯಲಿ. ಅಡ್ವೈಸರ್ ಜೊತೆ ಕೂತು ಫಾಲ್‌ನ ಕ್ಲಾಸುಗಳ ಯೋಜನೆ ಮಾಡಿ ಅವರ ಸಹಿ ಹಾಕಿಸಲಿ. ಒಂದೂವರೆ ಪುಟ ಮೀರದಿರಲಿ.

ಇನ್ನೊಂದು ದಾರಿಯೂ ಇದೆ, ಅಪೀಲಿನ ಜೊತೆಗೇ ನಡೆಸಬಹುದು. 38ಕ್ಕೂ 60ಕ್ಕೂ ಒಂದೇ ಸಂಖ್ಯೆ ಕೂಡಿಸುತ್ತಾ ಹೋಗಿ ನೋಡಿ.

ಗಿರ್ಮಿಟ್ · ಜೂನ್ 9

ನಾ ಮಾಡಿದೆ. ಬೇಸಿಗಿ ಸೆಷನ್‌ನಾಗ 6 ಕ್ರೆಡಿಟ್ ತಗೊಂಡು ಆರೂ ಪಾಸಾದ್ರ 66ಕ್ಕ 44. ಅಂದ್ರ 66.67. ಏಳಾದ್ರ 67ಕ್ಕ 45, ಅಂದ್ರ 67.16. ಅಯ್ಯ, ಬರೇ ಏಳ ಕ್ರೆಡಿಟ್ಟಿನ ಜಗಳ ಇದು!

ಸಂಪಿಗೆಮರ · ಜೂನ್ 9

ಆರೋ ಏಳೋ ಅನ್ನುವುದನ್ನು ಕಾಲೇಜಿನ ಸ್ಯಾಪ್ ಪಾಲಿಸಿಯಲ್ಲೇ ನೋಡಬೇಕು. ಕೆಲವರು 66.67 ಅಂತ ಬರೆದಿರುತ್ತಾರೆ, ಕೆಲವರು 67 ಅಂತ. 67 ಅಂತ ಬರೆದು 66.67ನ್ನು ಮೇಲಕ್ಕೆ ಏರಿಸಿ ಒಪ್ಪಿಕೊಳ್ಳುವವರೂ ಇದ್ದಾರೆ. ಏಳೇ ತಗೊಳ್ಳಲಿ, ವಾದ ಬೇಡ.

ಹತ್ತಿರದ ಟೆಕ್ನಿಕಲ್ ಕಾಲೇಜಿನಲ್ಲಿ ಅಗ್ಗವಾಗಿ ಸಿಕ್ಕರೆ ಅಲ್ಲೂ ತಗೊಳ್ಳಬಹುದು. ತನ್ನ ಕಾಲೇಜು ಆ ಕೋರ್ಸುಗಳನ್ನು ಒಪ್ಪುತ್ತದೆ ಅನ್ನುವುದಕ್ಕೆ ಮೊದಲೇ ಲಿಖಿತ ಅನುಮತಿ ಪಡೆಯಲಿ. ವರ್ಗಾಯಿಸಿದ ಕ್ರೆಡಿಟ್ ಕೈ ಹಾಕಿದ್ದಕ್ಕೂ ಮುಗಿಸಿದ್ದಕ್ಕೂ ಎರಡಕ್ಕೂ ಸೇರುತ್ತದೆ. ಜಿಪಿಎಗೆ ಸಾಮಾನ್ಯವಾಗಿ ಸೇರುವುದಿಲ್ಲ, ಇವನ ಸಮಸ್ಯೆ ಜಿಪಿಎ ಅಲ್ಲವಲ್ಲ. ದುಡ್ಡು ಮಾತ್ರ ಕೈಯಿಂದಲೇ ಹಾಕಬೇಕು.

ಎಫ್ ಆದ ಎರಡು ಕೋರ್ಸನ್ನು ಮತ್ತೆ ತಗೊಂಡರೆ, ಎರಡು ಸಲವೂ ಕೈ ಹಾಕಿದ ಲೆಕ್ಕಕ್ಕೆ ಬರುತ್ತದೆ, ಮುಗಿಸಿದ ಲೆಕ್ಕಕ್ಕೆ ಒಂದೇ ಸಲ. ಹೊಸ ಕೋರ್ಸಿಗೆ ಹೋಲಿಸಿದರೆ ಪೇಸ್‌ಗೆ ಅದರಿಂದ ಹೆಚ್ಚಿನ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪೆಲ್ ಗ್ರಾಂಟ್ ಜೀವಮಾನಕ್ಕೆ ಹನ್ನೆರಡು ಸೆಮಿಸ್ಟರ್‌ಗಾಗುವಷ್ಟು ಮಾತ್ರ, ಡಬ್ಲ್ಯೂ ತುಂಬಿದ ಸೆಮಿಸ್ಟರೂ ಅದರಲ್ಲಿ ಖರ್ಚಾಗುತ್ತದೆ ಅನ್ನುವುದು ಅವನಿಗೆ ತಿಳಿದಿರಲಿ.

ನೀರ್ದೋಸೆ · ಜೂನ್ 10

ಜೊತೆಗೆ ಕೌನ್ಸೆಲಿಂಗ್ ಸೆಂಟರ್‌ಗೂ ಒಮ್ಮೆ ಹೋಗಲಿ. ಅಪೀಲಿಗೆ ಪತ್ರ ಸಿಗುತ್ತದೆ ಅಂತ ಅಲ್ಲ. ಅಜ್ಜಿಯ ವಿಷಯ ಅವನು ಯಾರ ಹತ್ತಿರವೂ ಮಾತಾಡಿದಂತೆ ಕಾಣುವುದಿಲ್ಲ.

ಕುಕ್ಕರಹಳ್ಳಿ · ಜುಲೈ 18

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಅಪೀಲು ಒಪ್ಪಿದ್ದಾರೆ. ಫಾಲ್ ಒಂದು ಸೆಮಿಸ್ಟರ್ "ಪ್ರೊಬೇಷನ್" ಮೇಲೆ ಪೆಲ್, ಸಾಲ ಎರಡೂ ವಾಪಸ್. ಷರತ್ತು: ಕನಿಷ್ಠ 12 ಕ್ರೆಡಿಟ್, ಡಬ್ಲ್ಯೂ, ಎಫ್, ಇನ್‌ಕಂಪ್ಲೀಟ್ ಒಂದೂ ಇರಕೂಡದು. ಸಾಲ ಮಾತ್ರ ಎರಡನೇ ವರ್ಷದವರಿಗೆ ಕೊಡುವ 6,500 ಡಾಲರ್ ಮಿತಿಯಲ್ಲೇ, ಕ್ರೆಡಿಟ್ ಸಾಲದೆ ಇನ್ನೂ ಮೂರನೇ ವರ್ಷದವನು ಅಂತ ಲೆಕ್ಕಕ್ಕೆ ಬಂದಿಲ್ಲವಂತೆ.

ಪತ್ರ ಪೂರ್ತಿ ಅವನೇ ಬರೆದ. ಕಳಿಸುವ ಮೊದಲು ತೋರಿಸು ಅಂದೆ, ಬೇಡ ಅಪ್ಪ ಅಂದ. ಕಳಿಸಿದ ಮೇಲೆ ಅವನೇ ಪೋರ್ಟಲ್ ತೆರೆದು ನನಗೂ ನೋಡುವ ಅನುಮತಿ ಕೊಟ್ಟ. ಅಜ್ಜಿಯ ಬಗ್ಗೆ ಒಂದೇ ಸಾಲು ಇತ್ತು. ವಿಡಿಯೋ ಕಾಲ್‌ನಲ್ಲಿ ಪ್ರತಿ ಭಾನುವಾರ ಅವನಿಗೆ ಮಗ್ಗಿ ಕೇಳುತ್ತಿದ್ದರು, ಕಾಲೇಜಿಗೆ ಹೋದ ಮೇಲೂ, ಅಂತ. ನನಗೆ ಅದು ಗೊತ್ತೇ ಇರಲಿಲ್ಲ.

ಟೆಕ್ನಿಕಲ್ ಕಾಲೇಜಿನಲ್ಲಿ ಬೇಸಿಗೆಯ ಏಳು ಕ್ರೆಡಿಟ್ ನಡೆಯುತ್ತಿದೆ, ಜುಲೈ ಕೊನೆಗೆ ಮುಗಿಯುತ್ತದೆ. ಪಿಜ್ಜಾ ಅಂಗಡಿ ಬಿಟ್ಟು ಕ್ಯಾಂಪಸ್ ಲೈಬ್ರರಿಯಲ್ಲಿ ವಾರಕ್ಕೆ 10 ಗಂಟೆ.

ಗಿರ್ಮಿಟ್ · ಜುಲೈ 18

ಭಾಳ ಚಲೋ ಆತು ಅಣ್ಣಾರ. ಒಂದ್ ಮಾತು. ಆ ಟೆಕ್ನಿಕಲ್ ಕಾಲೇಜಿನವರು ಟ್ರಾನ್ಸ್‌ಕ್ರಿಪ್ಟ್ ತಾವಾಗೇ ಕಳಸಂಗಿಲ್ರಿ, ಹುಡುಗ ಅರ್ಜಿ ಹಾಕಬೇಕು. ಹಾಕ್ಯಾನೇನು?

ಕುಕ್ಕರಹಳ್ಳಿ · ಜುಲೈ 18

ಇರಿ, ಕೇಳಿ ಬರುತ್ತೇನೆ.

ಕುಕ್ಕರಹಳ್ಳಿ · ಜುಲೈ 18

ಕೋರ್ಸಿಗೆ ಸೇರಿದ ದಿನವೇ ಹಾಕಿದ್ದಾನಂತೆ. ಗ್ರೇಡ್ ಬಂದ ಮೇಲೆ ಕಳಿಸಿ ಅನ್ನುವ ಆಯ್ಕೆ ಒತ್ತಿದ್ದಾನೆ.